ಆಪ್ಷನ್ ದರದ ಐದು ಪೈಸೆ ಹಾಗೂ ತೊಗರಿ ತೂಕದ ದಶಮಾಂಶ

ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದ ನಿಫ್ಟಿ ಆಪ್ಷನ್ ವಹಿವಾಟಿನಲ್ಲಿ ದರವು 5 ಪೈಸೆಯ ಹಂತಗಳಲ್ಲಿ ಮಾತ್ರ ಏರಿಳಿಯುತ್ತದೆ. 100.05 ರೂಪಾಯಿಯ ನಂತರದ ದರ 100.10; ನಡುವಣ ದರ ನಮೂದಿಸಿದ ಆದೇಶ ಸ್ವೀಕೃತವಾಗುವುದಿಲ್ಲ. ನೂರು ಘಟಕಗಳಿಗೆ ಈ ಒಂದು ಹಂತದ ಬೆಲೆ 5 ರೂಪಾಯಿ.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಹಾಗೂ ಜೇವರ್ಗಿ ತಾಲ್ಲೂಕುಗಳ ಪ್ರಮುಖ ಬೆಳೆಯಾದ ತೊಗರಿಯ ವಾಯಿದಾ ವ್ಯಾಪಾರವನ್ನು 2007ರ ಜನವರಿಯಲ್ಲಿಯೇ ನಿಲ್ಲಿಸಲಾಯಿತು. ಆದ್ದರಿಂದ ದರ ಕುಸಿತದಿಂದ ಬೆಳೆಗಾರರಿಗಿರುವ ಮುಖ್ಯ ರಕ್ಷಣೆ ಕನಿಷ್ಠ ಬೆಂಬಲ ಬೆಲೆ. ನಿಗದಿತ ದರಕ್ಕೆ ಮಾರುವ ಹಕ್ಕು ನೀಡುವ ಪುಟ್ ಆಪ್ಷನ್‌ಗೆ ಇದು ಸಮೀಪವಾದುದು. ಪ್ರೀಮಿಯಂ ತೆರಬೇಕಾಗಿಲ್ಲ, ಆದರೆ ಅವಧಿಯೊಳಗೆ ನೋಂದಣಿಯಾಗದವರಿಗೆ ಈ ಹಕ್ಕು ಲಭಿಸದು.

ಇಲ್ಲಿ ದಶಮಾಂಶದ ಮಹತ್ವವಿರುವುದು ದರದಲ್ಲಲ್ಲ, ತೂಕದಲ್ಲಿ. 2025-26ನೇ ಸಾಲಿನ ಬೆಂಬಲ ಬೆಲೆ ಕ್ವಿಂಟಾಲ್‌ಗೆ 8,000 ರೂಪಾಯಿ, ಅಂದರೆ 100 ಗ್ರಾಂಗೆ 8 ರೂಪಾಯಿ. ಚೀಲವೊಂದಕ್ಕೆ 300 ಗ್ರಾಂ ಕೈಬಿಟ್ಟು ಬರೆದಲ್ಲಿ 40 ಚೀಲಗಳಿಗೆ 960 ರೂಪಾಯಿ ನಷ್ಟವಾಗುತ್ತದೆ. ಷೇರುಪೇಟೆಯ ಐದು ಪೈಸೆಯನ್ನು ಗಣಕಯಂತ್ರವೇ ಕಾಯುತ್ತದೆ. ಈ ಗ್ರಾಂಗಳನ್ನು ಕಾಯಬೇಕಾದವರು ಬೆಳೆಗಾರರೇ.

ಅರ್ಜಿದಾರರು ಫ್ರೂಟ್ಸ್ ಗುರುತಿನ ಸಂಖ್ಯೆಯೊಂದಿಗೆ ಖರೀದಿ ಕೇಂದ್ರದಲ್ಲಿ ಹೆಸರು ನೋಂದಾಯಿಸತಕ್ಕದ್ದು. ವಿದ್ಯುನ್ಮಾನ ತಕ್ಕಡಿ ತೋರಿಸಿದ ಅಂಕಿಯನ್ನು ದಶಮಾಂಶ ಸಹಿತ ತೂಕದ ಚೀಟಿಯೊಂದಿಗೆ ತಾಳೆ ನೋಡಿದ ನಂತರವೇ ಸಹಿ ಮಾಡುವುದು.