ಅಂಗಡಿ ಹೆಚ್ಚಿದಂತೆ ಜಾಲದ ಹೊರೆ

ಆಡೂರಿನ ಗೋದಾಮನ್ನು ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರುಗಳ ಅಂಗಡಿಗಳೊಡನೆ ವಿಪಿಎನ್ ಎಂಬ ಖಾಸಗಿ ಜಾಲದಿಂದ ಜೋಡಿಸಬಯಸುವ ವರ್ತಕರು ಸಾಮಾನ್ಯವಾಗಿ ವೇಗವನ್ನಷ್ಟೇ ವಿಚಾರಿಸುತ್ತಾರೆ. ವಿಚಾರಿಸಬೇಕಾದುದು ಜಾಲದ ಬೆಳೆಯುವ ಶಕ್ತಿಯನ್ನು.

ಪ್ರತಿ ಸ್ಥಳದಿಂದ ಪ್ರತಿ ಸ್ಥಳಕ್ಕೂ ನೇರ ಸಂಪರ್ಕ ಕಲ್ಪಿಸುವ ಹಳೆಯ ಪದ್ಧತಿಯಲ್ಲಿ 5 ಸ್ಥಳಗಳಿಗೆ 10 ಸಂಪರ್ಕ ಸಾಕು. 20 ಸ್ಥಳಗಳಿಗೆ 190 ಬೇಕು. ಇಪ್ಪತ್ತೊಂದನೆಯ ಅಂಗಡಿ ತೆರೆದ ದಿನ ಹಳೆಯ ಇಪ್ಪತ್ತು ರೂಟರ್‌ಗಳನ್ನೂ ತಿದ್ದಬೇಕು. ಆ ಖರ್ಚು ದರಪಟ್ಟಿಯಲ್ಲಿ ಕಾಣುವುದು ಅಪರೂಪ. ಎಲ್ಲವನ್ನೂ ಮುಖ್ಯ ಕಚೇರಿಯ ಮೂಲಕ ಹಾಯಿಸಿದರೆ 19 ಸಂಪರ್ಕಗಳೇ ಸಾಕು, ನಿಜ. ಅಲ್ಲಿಯ ತಂತಿ ಕಡಿದರೆ ಮಾತ್ರ ಎಲ್ಲ ಅಂಗಡಿಗಳ ಲೆಕ್ಕವೂ ನಿಂತಂತೆ.

1999ರಲ್ಲಿ ಪ್ರಕಟವಾಗಿ 2006ರಲ್ಲಿ ಪರಿಷ್ಕೃತವಾದ ಎಂಪಿಎಲ್‌ಎಸ್ ವಿಪಿಎನ್ ವಿಧಾನವು ಈ ಹೊರೆಯನ್ನು ಸೇವಾದಾರರ ರೂಟರಿಗೆ ವರ್ಗಾಯಿಸಿತೇ ಹೊರತು ಇಲ್ಲವಾಗಿಸಲಿಲ್ಲ. ಅಲ್ಲಿ ಹಲವು ಗ್ರಾಹಕರ ಮಾರ್ಗಪಟ್ಟಿಗಳು ಒಂದೇ ಯಂತ್ರದ ಸ್ಮೃತಿಯನ್ನು ಹಂಚಿಕೊಳ್ಳುತ್ತವೆ. ಆದುದರಿಂದ ಮಾರ್ಗಗಳ ಮಿತಿ ಎಷ್ಟು, ತಂತಿ ಕಡಿದಾಗ ಬದಲಿ ಮಾರ್ಗ ಹಿಡಿಯಲು ಎಷ್ಟು ಸೆಕೆಂಡು ಬೇಕು ಎಂಬುದನ್ನು, ಶಾಖೆಗಳು ಇಮ್ಮಡಿಯಾದವೆಂದು ಭಾವಿಸಿ ಅಳೆದು ತೋರಿಸುವಂತೆ ಕರಾರಿಗೆ ಮೊದಲೇ ಸೇವಾದಾರರನ್ನು ಕೇಳುವುದು ಉಚಿತ.