ಬೇರು ಬೇಕೋ, ಬದು ಬೇಕೋ?

ಬೇಸಗೆ ಬಂದಿತೆಂದರೆ ನಮ್ಮ ಮನೆಯ ಮಣ್ಣಿನ ಹೂಜಿಗೆ ಒಂದಿಷ್ಟು ಲಾವಂಚ ಬೀಳುವುದು ವಾಡಿಕೆ. ಗ್ರಂಥಿಗೆ ಅಂಗಡಿಯಿಂದ ತಂದ ಕಟ್ಟನ್ನು ಬಿಚ್ಚುತ್ತಿದ್ದಾಗ ಮಗಳು ಕೇಳಿದಳು: "ಅಪ್ಪಾ, ಇದು ಬೇರು ತಾನೆ? ಹಾಗಾದರೆ ಗಿಡ ಎಲ್ಲಿ?" ನಾನು ತಬ್ಬಿಬ್ಬಾದೆ. ಶಾಕುಂತಲದ ಮೂರನೆಯ ಅಂಕದಲ್ಲಿ ತಾಪಶಮನಕ್ಕೆ ಉಶೀರದ ಲೇಪ ಬರುತ್ತದೆ. 'ಉಶೀರವೆಂದರೆ ಲಾವಂಚ' ಎಂದು ತರಗತಿಯಲ್ಲಿ ಎಷ್ಟೋ ಸಲ ಅರ್ಥ ಹೇಳಿದವನು ನಾನು. ಲಾವಂಚವೆಂದರೇನೆಂದು ಮಾತ್ರ ವಿಚಾರಿಸಿರಲಿಲ್ಲ.

ಉತ್ತರವನ್ನು ಹುಡುಕಿಕೊಂಡು ಮಗಳೊಡನೆ ಗುಂಡ್ಲುಪೇಟೆಯ ಕಡೆಯಿರುವ ಸೋದರಮಾವನ ಹೊಲಕ್ಕೆ ಹೋದೆ. ಇಳಿಜಾರಿಗೆ ಅಡ್ಡಲಾಗಿ, ಬದುವಿನ ಮೇಲೆ, ಆಳೆತ್ತರದ ಹುಲ್ಲು ಒತ್ತಾಗಿ ನಿಂತಿದ್ದಿತು. ಬಾಲ್ಯದಲ್ಲಿ ನಾನು ನೂರಾರು ಸಲ ದಾಟಿದ್ದ ಹುಲ್ಲೇ ಅದು!

ಲಾವಂಚವು ನಮ್ಮ ದೇಶದ್ದೇ ಆದ ಬಹುವಾರ್ಷಿಕ ಹುಲ್ಲು. ಕಬ್ಬು, ಜೋಳ, ಮಜ್ಜಿಗೆಹುಲ್ಲುಗಳ ಹತ್ತಿರದ ನೆಂಟ. ಸಸ್ಯಶಾಸ್ತ್ರಜ್ಞರು ಇದನ್ನು ಕ್ರೈಸೊಪೋಗನ್ ಜಿಜಾನಿಯಾಯ್ಡಿಸ್ ಎಂದು ಕರೆಯುತ್ತಾರೆ. ಎಲೆ ಕಿರಿದು, ಬಿರುಸು, ಅದರಲ್ಲಿ ಪರಿಮಳವಿಲ್ಲ. ಪರಿಮಳವೆಲ್ಲ ನೆಲದೊಳಗೆ. ಗರಿಕೆಯಂತೆ ಇದು ಬಳ್ಳಿ ಚಾಚಿ ಹರಡುವುದಿಲ್ಲ. ಬೇರುಗಳು ಅಕ್ಕಪಕ್ಕದ ಪೈರನ್ನು ಪೀಡಿಸದೆ ನೆಟ್ಟಗೆ ಕೆಳಗಿಳಿಯುತ್ತವೆ, 3 ಮೀಟರಿನಷ್ಟು ಆಳಕ್ಕೂ ಹೋಗುತ್ತವೆ. ದಕ್ಷಿಣದಲ್ಲಿ ನೆಟ್ಟು ಬೆಳೆಸುವ ಬಗೆ ಬೀಜ ಕಟ್ಟುವುದೇ ಅಪರೂಪ. ಆದುದರಿಂದ ಹೆಮ್ಮೆಯನ್ನು ಸೀಳಿ ತುಂಡುಗಳನ್ನು ನೆಡಬೇಕು. ಕಳೆಯಾಗಿ ಹಬ್ಬುವ ಭಯವೂ ಇಲ್ಲ. ಚಿಗುರುವ ಬುಡ ನೆಲಮಟ್ಟದಲ್ಲಿರುವುದರಿಂದ ದನ ಮೇದರೂ ಬೆಂಕಿ ತಗುಲಿದರೂ ಮತ್ತೆ ಚಿಗುರುತ್ತದೆ.

ಇದರ ನಿಜವಾದ ಕೆಲಸ ಕಾಣುವುದು ಮಳೆಯಲ್ಲಿ. ಒತ್ತಾದ ಕಾಂಡಗಳ ನಡುವೆ ನುಸುಳುವ ನೀರು ವೇಗ ಕಳೆದುಕೊಂಡು ಹೊತ್ತು ತಂದ ಮಣ್ಣನ್ನು ಅಲ್ಲಿಯೇ ಇಳಿಸುತ್ತದೆ. ಮಣ್ಣು ಬುಡವನ್ನು ಮುಚ್ಚಿದರೆ, ಹೂತ ಗಿಣ್ಣುಗಳಿಂದ ಹೊಸ ಬೇರು ಹೊರಡುತ್ತದೆ. ಮಣ್ಣಿನೊಡನೆ ಹುಲ್ಲೂ ಮೇಲೇರುತ್ತದೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಈ ಹುಲ್ಲಿನ ಬೇಲಿಯನ್ನು ಹಲವು ದೇಶಗಳಿಗೆ ಪರಿಚಯಿಸಹೊರಟಾಗ, ಗುಂಡ್ಲುಪೇಟೆಯ ರೈತರು ತಲೆಮಾರುಗಳಿಂದ ಉಳಿಸಿಕೊಂಡು ಬಂದ ಬದುಗಳೇ ನಿದರ್ಶನವಾದುವು. 1993ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಲಿಯು ಈ ಒಂದು ಹುಲ್ಲಿನ ಮೇಲೆಯೇ ಪುಸ್ತಕ ಹೊರಡಿಸಿತು.

"ಒಂದು ಬುಡ ಅಗೆದುಕೊಡು, ತಾತ. ಹೂಜಿಗೆ ಹಾಕೋಣ," ಎಂದಳು ಮಗಳು.

ಮಾವ ಸಾಲಿನ ನಡುವೆ ಹುಲ್ಲು ಗಿಡ್ಡವಾಗಿದ್ದ ಒಂದು ಕಡೆಯನ್ನು ತೋರಿಸಿದ. "ಅಲ್ಲಿ ನೋಡವ್ವ. ಬೇರಿಗೆ ಒಳ್ಳೆ ಬೆಲೆ ಬಂದಾಗ ನಾನೇ ಆಸೆಗೆ ಬಿದ್ದು ಅಷ್ಟುದ್ದ ಅಗೆದು ಮಾರಿದೆ. ಆ ವರ್ಷದ ಮಳೆ ಅದೇ ಕಂಡಿಯಲ್ಲಿ ನುಗ್ಗಿ, ಕೆಳಗಿನ ರಾಗಿಯನ್ನೂ ಮೇಲಿನ ಮಣ್ಣನ್ನೂ ಒಟ್ಟಿಗೆ ಹೊತ್ತುಕೊಂಡು ಹೋಯಿತು. ಹುಲ್ಲು ಮತ್ತೆ ನೆಟ್ಟೆ, ಬಂತು. ಮಣ್ಣು ಬರಲಿಲ್ಲ."

ತಮಿಳಿನಲ್ಲಿ ಲಾವಂಚಕ್ಕೆ ವೆಟ್ಟಿವೇರ್ ಎಂದು ಹೆಸರು. ನಮ್ಮ 'ಬೇರು' ಅಲ್ಲಿ 'ವೇರ್'; ವೆಟ್ಟಿವೇರ್ ಎಂದರೆ ಅಗೆದು ತೆಗೆದ ಬೇರು. ಹೆಸರಿನಲ್ಲಿಯೇ ಗುದ್ದಲಿಯ ಪೆಟ್ಟಿದೆ! ಬೆಳೆಯೆಂದೇ ಬೆಳೆದುದನ್ನು ಅಗೆಯುವುದು ನ್ಯಾಯ. ಬದುವಿನದನ್ನು ಅಗೆದರೆ ಹೊಲವನ್ನೇ ಮಾರಿದಂತೆ. ಪರಿಮಳ ಕೊಡುವುದೂ ನೆಲವನ್ನು ಹಿಡಿಯುವುದೂ ಒಂದೇ ಬೇರು; ಒಂದೇ ಬುಡದಿಂದ ಎರಡೂ ದೊರೆಯುವುದಿಲ್ಲ.

ಹಿಂದಿರುಗುವಾಗ ಮಾವ ಅಂಚಿನ ಹೆಮ್ಮೆಯೊಂದರಿಂದ ನಾಲ್ಕು ಸೀಳು ಬಿಡಿಸಿ ಕೊಟ್ಟ. ನಮ್ಮ ಹಿತ್ತಲಿನ ಇಳಿಜಾರಿನಲ್ಲಿ, ಪ್ರತಿ ಮಳೆಗೂ ಮಣ್ಣು ಕೊಚ್ಚುವ ಜಾಗದಲ್ಲಿ, ಮಗಳು ಅವನ್ನು ನೆಟ್ಟಿದ್ದಾಳೆ. ನಾಲ್ಕೂ ಚಿಗುರಿವೆ. ಅವುಗಳ ಬೇರಿನ ಸುದ್ದಿಗೆ ಯಾರೂ ಹೋಗಕೂಡದೆಂದು ಅವಳ ಅಪ್ಪಣೆಯಾಗಿದೆ.