ಜಂಗಮವಾಣಿಯೂ ಮನೆಯ ಆರೋಗ್ಯವೂ

ಒಂದು ಕಾಲಕ್ಕೆ ದೂರವಾಣಿಯೆಂದರೆ ಸ್ಥಾವರ. ನಡುಮನೆಯ ಮೂಲೆಯಲ್ಲಿ, ಕಸೂತಿಯ ವಸ್ತ್ರ ಹೊದ್ದು, ಮೇಜಿನ ಮೇಲೆ ಅದು ಕುಳಿತಿರುತ್ತಿತ್ತು. ಬೇಕಾದವರು ಎದ್ದು ಅದರ ಬಳಿಗೆ ಹೋಗಬೇಕಾಗಿತ್ತು. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ, ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖ್ ರಾಮ್ ಅವರೊಡನೆ ಮಾತನಾಡಿದಂದು ಭಾರತದಲ್ಲಿ ಅದು ಜಂಗಮವಾಯಿತು. ಈಗ ಅದು ಊಟಕ್ಕೂ ಜೊತೆಗೆ ಕೂರುತ್ತದೆ, ಹಾಸಿಗೆಗೂ ಜೊತೆಗೆ ಬರುತ್ತದೆ.

ಇಷ್ಟು ಸಮೀಪಕ್ಕೆ ಬಂದ ವಸ್ತುವಿನಿಂದ ದೇಹಕ್ಕೆ ಕೇಡುಂಟೇ ಎಂಬ ಪ್ರಶ್ನೆ ಸಂಸಾರವಂತರ ಮನಸ್ಸಿನಲ್ಲಿ ಏಳುವುದು ಸಹಜವೇ. ಕೆಲವರು ಮೊಬೈಲನ್ನು ಎದೆಯ ಜೇಬಿನಲ್ಲಿಡಲು ಅಂಜುತ್ತಾರೆ. ನೆರೆಮನೆಯ ತಾರಸಿಯ ಮೇಲೆ ಗೋಪುರವೆದ್ದರೆ ಬೀದಿಯವರೆಲ್ಲ ಸೇರಿ ಅರ್ಜಿಗೆ ಸಹಿ ಹಾಕುತ್ತಾರೆ. ಈ ಅಂಜಿಕೆಯನ್ನು ನಕ್ಕು ತಳ್ಳಿಬಿಡುವುದು ತರವಲ್ಲ; ತೂಗಿ ನೋಡುವುದು ಮೇಲು.

ಮೊಬೈಲು ಹೊಮ್ಮಿಸುವುದು ರೇಡಿಯೋ ತರಂಗಗಳನ್ನು. ಇವು ಬೆಳಕಿನ ಕುಲಕ್ಕೇ ಸೇರಿದವು. ಆದರೆ ಬೆಳಕಿಗಿಂತಲೂ ಬಹಳ ದುರ್ಬಲವಾದವು. ಕ್ಷ-ಕಿರಣವು ಜೀವಕೋಶದೊಳಗಿನ ಅಣುಗಳನ್ನು ಮುರಿಯಬಲ್ಲದು. ಹಾಗೆ ಮುರಿಯಲು ಬೇಕಾದ ಶಕ್ತಿಯ ಹತ್ತು ಸಾವಿರದಲ್ಲೊಂದು ಪಾಲೂ ಮೊಬೈಲಿನ ತರಂಗದ ಒಂದೊಂದು ಕಣದಲ್ಲಿಲ್ಲ. ಅದು ಮಾಡುವ ಕೆಲಸವೆಂದರೆ ಅಂಗಾಂಶವನ್ನು ತುಸುವೇ ಬೆಚ್ಚಗಾಗಿಸುವುದು. ಅದಕ್ಕೂ ಮಿತಿ ಹಾಕಲಾಗಿದೆ. ಭಾರತದಲ್ಲಿ 2012ರ ಸೆಪ್ಟೆಂಬರ್ 1ರಿಂದ ಈ ಮಿತಿ ಕಿಲೋಗ್ರಾಮಿಗೆ 1.6 ವ್ಯಾಟ್. *#07# ಎಂದು ಒತ್ತಿದರೆ ಅನೇಕ ಉಪಕರಣಗಳು ತಮ್ಮ ಅಂಕಿಯನ್ನು ತಾವೇ ತೋರಿಸುತ್ತವೆ.

ಹಾಗಾದರೆ ಕ್ಯಾನ್ಸರಿನ ಮಾತು ಎಲ್ಲಿಂದ ಬಂತು? 2011ರಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಈ ತರಂಗಗಳನ್ನು "ಕ್ಯಾನ್ಸರಿಗೆ ಕಾರಣವಾಗಬಹುದಾದವು" ಎಂಬ ವರ್ಗಕ್ಕೆ ಸೇರಿಸಿತು. ಸಾಕ್ಷ್ಯ ಅಲ್ಪವಾಗಿದೆ, ಸಂದೇಹ ಪೂರ್ಣವಾಗಿ ತೀರಿಲ್ಲ ಎಂಬುದಷ್ಟೇ ಅದರ ಅರ್ಥ, ಅಪರಾಧ ಸಾಬೀತಾಯಿತೆಂದಲ್ಲ. ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಕೋರಿಕೆಯಂತೆ 63 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದ ವರದಿಯೊಂದು 2024ರಲ್ಲಿ ಪ್ರಕಟವಾಯಿತು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಮೊಬೈಲು ಬಳಸಿದವರಲ್ಲಿಯೂ ಮಿದುಳಿನ ಕ್ಯಾನ್ಸರ್ ಹೆಚ್ಚಿದ್ದು ಅದರಲ್ಲಿ ಕಂಡುಬರಲಿಲ್ಲ.

ಗೋಪುರದ ವಿಷಯದಲ್ಲಿ ಮತ್ತೊಂದು ವಿಚಿತ್ರವುಂಟು. ಕೇಳುವವನು ದೂರವಿದ್ದರೆ ಹೇಳುವವನು ಕೂಗಬೇಕಷ್ಟೆ? ಹಾಗೆಯೇ ಗೋಪುರ ದೂರವಾದಷ್ಟೂ ಕಿವಿಗೊತ್ತಿದ ಉಪಕರಣವು ಗಟ್ಟಿಯಾಗಿ 'ಕೂಗ'ಬೇಕಾಗುತ್ತದೆ. ಬೀದಿಯ ಗೋಪುರವನ್ನು ಊರಾಚೆಗೆ ಅಟ್ಟಿದವರು ತಮಗೇ ತಿಳಿಯದಂತೆ ತಲೆಯ ಪಕ್ಕದ ತರಂಗವನ್ನು ಹೆಚ್ಚಿಸಿಕೊಂಡಿರುತ್ತಾರೆ. ಇಷ್ಟಾದರೂ ಮನಸ್ಸಿಗೆ ಸಮಾಧಾನವಾಗದವರು ಉಪಕರಣವನ್ನು ತಲೆಯಿಂದ ಒಂದು ಗೇಣು ದೂರವಿಟ್ಟು ಮಾತನಾಡಿದರೆ ಸಾಕು. ಸಂಕೇತ ಕ್ಷೀಣವಾಗಿರುವಲ್ಲಿ ಮಾತನ್ನು ಮೊಟಕುಗೊಳಿಸಿದರೆ ಇನ್ನೂ ಲೇಸು.

ಹೀಗೆಂದಮಾತ್ರಕ್ಕೆ ಮೊಬೈಲು ನಿರಪಾಯಕರವೆಂದಲ್ಲ. ಕಾಣದ ತರಂಗಕ್ಕೆ ಬೆದರುವ ಗೃಹಸ್ಥನು ಕಣ್ಣೆದುರಿನ ಅಪಾಯವನ್ನು ಅಲಕ್ಷಿಸುತ್ತಾನೆ ಎಂಬುದೇ ಚಿಂತೆಯ ಸಂಗತಿ.

ಆ ಅಪಾಯ ಮೊದಲು ಎದುರಾಗುವುದು ರಸ್ತೆಯಲ್ಲಿ. ಕೆನಡಾದ ಟೊರಾಂಟೊದಲ್ಲಿ 699 ಮಂದಿ ಚಾಲಕರನ್ನು ಕುರಿತು ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನವು, ಮಾತನಾಡುತ್ತ ವಾಹನ ನಡೆಸಿದರೆ ಅಪಘಾತದ ಸಂಭವ ಸುಮಾರು ನಾಲ್ಕು ಪಟ್ಟಾಗುವುದೆಂದು ತೋರಿಸಿತು. ಕೈಯಲ್ಲಿ ಹಿಡಿಯದೆ ಮಾತನಾಡಿದವರಿಗೂ ಇದರಿಂದ ರಕ್ಷಣೆ ಸಿಕ್ಕಿದ್ದು ಕಾಣಲಿಲ್ಲ. ಕೈ ಬಿಡುವಾಗಿದ್ದರೂ ಮನಸ್ಸು ಬೇರೆಲ್ಲಿಯೋ ಇರುತ್ತದೆಯಲ್ಲವೆ! ಹೆಲ್ಮೆಟ್ಟಿನೊಳಗೆ ಮೊಬೈಲನ್ನು ತುರುಕಿಕೊಂಡು, ಹಿಂದೆ ಮಗಳನ್ನು ಕೂರಿಸಿಕೊಂಡು ಶಾಲೆಗೆ ಧಾವಿಸುವ ತಂದೆಯು ಅದೇ ದಿನ ಸಂಜೆ ಗೋಪುರದ ವಿರುದ್ಧ ಸಹಿ ಹಾಕಬಹುದು.

ಮುಂದಿನದು ನಿದ್ರೆ. ಅಮೆರಿಕದ ಬಾಸ್ಟನ್ನಿನ ಸಂಶೋಧಕರು 12 ಮಂದಿಗೆ ಕೆಲವು ರಾತ್ರಿ ಅಚ್ಚಿನ ಪುಸ್ತಕವನ್ನೂ ಕೆಲವು ರಾತ್ರಿ ಬೆಳಗುವ ಪರದೆಯನ್ನೂ ಓದಲು ಕೊಟ್ಟು ಪರೀಕ್ಷಿಸಿದರು. ಪರದೆಯನ್ನು ಓದಿದವರಲ್ಲಿ ನಿದ್ರೆಯ ವೇಳೆಯನ್ನು ದೇಹಕ್ಕೆ ಸೂಚಿಸುವ ಮೆಲಟೋನಿನ್ ಎಂಬ ರಸದ ಸ್ರಾವ ಸುಮಾರು ಒಂದೂವರೆ ಗಂಟೆ ತಡವಾಯಿತೆಂದು 2014ರ ಕೊನೆಗೆ ಪ್ರಕಟಿಸಿದರು. ಬೆಳಕಿನ ಮಾತು ಒತ್ತಟ್ಟಿಗಿರಲಿ. ಒಂದಾದ ಮೇಲೊಂದು ಬರುವ ಸುದ್ದಿ, ಚಿತ್ರ, ಚಾಡಿಗಳೇ ನಿದ್ರೆಯನ್ನು ಬಾಗಿಲಲ್ಲಿ ತಡೆದು ನಿಲ್ಲಿಸಲು ಸಾಲವೆ?

ಎಲ್ಲಕ್ಕಿಂತ ಮಿಗಿಲಾದದ್ದು ಮಕ್ಕಳ ವಿಷಯ. ಹಿಂದೆ ತಾಯಂದಿರು ಚಂದಮಾಮನನ್ನು ತೋರಿಸಿ ತುತ್ತುಣಿಸುತ್ತಿದ್ದರು. ಈಗ ಆ ಕೆಲಸ ಮೊಬೈಲಿನ ಪಾಲಿಗೆ ಬಂದಿದೆ. ಎರಡು ವರ್ಷ ತುಂಬದ ಕೂಸಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕರವರೆಗಿನವರಿಗೆ ದಿನಕ್ಕೊಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿತು. ಕುಳಿತಲ್ಲೇ ಕುಳಿತ ಮಗುವಿಗೆ ಓಟ, ಆಟ, ನಿದ್ರೆ ಮೂರೂ ತಪ್ಪುತ್ತವೆ ಎಂಬುದೇ ಇದಕ್ಕೆ ಕಾರಣ. ಬೆಳೆದವರ ಪಾಡೂ ಬೇರೆಯಲ್ಲ: ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇಂಥ ಅತಿಬಳಕೆಗೆ ಸಿಕ್ಕಿದವರಿಗಾಗಿ 2014ರಲ್ಲಿ ಪ್ರತ್ಯೇಕ ಚಿಕಿತ್ಸಾಲಯವನ್ನೇ ತೆರೆಯಬೇಕಾಯಿತು.

ತರಂಗಕ್ಕೆ ಅಂಜುವುದು ಸುಲಭ. ತಪ್ಪನ್ನು ಗೋಪುರದ ಮೇಲೋ ಸರಕಾರದ ಮೇಲೋ ಹೊರಿಸಬಹುದು. ಹೊತ್ತಿಗೆ ಅಂಜುವುದು ಕಷ್ಟ. ಅಲ್ಲಿ ತಿದ್ದಿಕೊಳ್ಳಬೇಕಾದವರು ಮನೆಯವರೇ. ರಾತ್ರಿ ಒಂಬತ್ತಾದ ಮೇಲೆ ಮನೆಯ ಮೊಬೈಲುಗಳೆಲ್ಲ ನಡುಮನೆಯ ಆ ಹಳೆಯ ಮೇಜಿನ ಮೇಲೆ ಬೆಳಗಿನವರೆಗೆ ಸ್ಥಾವರವಾಗಲಿ. ಯಜಮಾನನು ತನ್ನದನ್ನು ಮೊದಲು ಅಲ್ಲಿಡಬೇಕು. ತಂದೆಯ ಕೈ ಬರಿದಾಗಿದ್ದುದನ್ನು ಕಂಡ ಮಗನಿಗೆ ಬೇರೆ ಉಪದೇಶ ಅಷ್ಟಾಗಿ ಬೇಕಾಗದು.